ಅಲ್ಲಗಳೆಯಲು ಬೇಕಾಗುವ ಉಸಿರು

ಒಪ್ಪಿಕೊಳ್ಳುವುದಕ್ಕೆ ಉಸಿರು ಬೇಕಾಗುವುದಿಲ್ಲ. ಬೇಕಾದರೆ ಪರೀಕ್ಷಿಸಿ ನೋಡಿ: ಯಾರಾದರೂ ಏನಾದರೂ ಹೇಳಿದಾಗ ಒಂದಿಷ್ಟು ತಲೆಯಾಡಿಸಿದರೆ ಸಾಕು; ನೀವು ತೀರಾ ಸೌಜನ್ಯವಂತರಾಗಿದ್ದರೆ ಮೂಗಿನಿಂದಲೇ ಒಂದು ‘ಹೂಂ’ ಹೊರಡಿಸಿದರಾಯಿತು, ಹೇಗೂ ಹೊರಗೆ ಹೊರಟಿದ್ದ ಗಾಳಿಯೇ ಹಾದಿಯಲ್ಲಿ ಆ ಕೆಲಸವನ್ನೂ ಮುಗಿಸಿಕೊಟ್ಟು ಹೋಗುತ್ತದೆ. ಅಲ್ಲಗಳೆಯುವುದು ಹಾಗಲ್ಲ. ಮೊದಲು ಬೆನ್ನು ನೆಟ್ಟಗಾಗಬೇಕು, ಎದೆಗೆ ಗಾಳಿ ತುಂಬಬೇಕು, ‘ಅಲ್ಲ’ ಎಂದಾದ ಮೇಲೆ ‘ಏಕೆಂದರೆ’ ಎನ್ನಬೇಕು, ‘ಏಕೆಂದರೆ’ ಎಂದಮೇಲೆ ಕಾರಣಗಳನ್ನು ಹುಡುಕಬೇಕು, ಹುಡುಕುತ್ತಿದ್ದೇವೆಂದು ಎದುರಾಳಿಗೆ ಗೊತ್ತಾಗದ ಹಾಗೆ ಅವೆಲ್ಲವನ್ನೂ ಒಂದೇ ಉಸಿರಿನಲ್ಲಿ ಪೋಣಿಸಬೇಕು. ಶಾಂತಸ್ವಭಾವದವರೆಂದು ನಾವು ಗೌರವಿಸುವ ಮಹನೀಯರಲ್ಲಿ ನಿಜಕ್ಕೂ ಶಾಂತರೆಷ್ಟು, ಬರಿಯ ಶ್ವಾಸಕೋಶದ ಬಡವರೆಷ್ಟು ಎಂಬ ಸಂಶಯ ನನ್ನಲ್ಲಿ ಮೊದಲ ಬಾರಿಗೆ ಎದ್ದದ್ದು ಕೋವಿಡ್ ಬಂದುಹೋದ ಮೇಲೆ. ಬಂದದ್ದರಲ್ಲಿ ಅನುಮಾನವಿಲ್ಲ; ಹೋಯಿತೇ ಎಂಬುದು ಮಾತ್ರ ಇಂದಿಗೂ ಚರ್ಚಾರ್ಹ.

ನಾನು ವಾದದಲ್ಲಿ ತಾಲೀಮು ಪಡೆದವಳು. ಕುಸ್ತಿಯ ತಾಲೀಮಿನವರನ್ನು ಮುರಿದ ಕಿವಿಯಿಂದ ಗುರುತಿಸಬಹುದು. ನಮಗೆ ಅಂಥ ಚಿಹ್ನೆಗಳಿಲ್ಲವಾದ್ದರಿಂದ ಜನ ತಿಳಿಯದೆ ಮಾತಿಗೆ ನಿಂತು ಕಷ್ಟಕ್ಕೆ ಸಿಲುಕುತ್ತಾರೆ. ಹಾನಗಲ್ಲಿನಲ್ಲಿ ಪದವಿ ಓದುವಾಗ ಸುತ್ತಲಿನ ಯಾವ ಊರಿನಲ್ಲಿ ಚರ್ಚಾಸ್ಪರ್ಧೆ ನಡೆದರೂ ನಾನಲ್ಲಿ ಹಾಜರು. ಹಿರೇಕೆರೂರಿನಲ್ಲಿ ಬೆಳಿಗ್ಗೆ ಮೊಬೈಲು ಮನುಕುಲಕ್ಕೆ ಶಾಪವೆಂದು ಸಾಧಿಸಿ, ಊಟದ ನಂತರ ಅದೇ ಮೊಬೈಲು ವರವೆಂದು ಸಾಧಿಸಿ, ಎರಡು ಬಹುಮಾನಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ರಟ್ಟೀಹಳ್ಳಿಯ ಸ್ಪರ್ಧೆಗೆ ಬಸ್ಸು ಹತ್ತಿದ ಹುಡುಗಿ ನಾನು. ಬಹುಮಾನಗಳೆಂದರೆ ಸಾಮಾನ್ಯವಾಗಿ ಸ್ಟೀಲಿನ ಡಬ್ಬಿಗಳು. “ನಿನ್ನ ನಾಲಿಗಿಂದ ಮನಿಗೆ ಭಾಂಡೆ ಬಂದ್ವು, ವರ ಬರಲಿಲ್ಲ,” ಎಂದು ಅವ್ವ ಆ ಡಬ್ಬಿಗಳಲ್ಲೇ ಬೇಳೆ ತುಂಬುತ್ತ ಹೇಳುವುದುಂಟು. ಅದಕ್ಕೂ ನನ್ನ ಬಳಿ ಉತ್ತರವಿತ್ತು. ಆಗ ಉಸಿರೂ ಇತ್ತು.

ಈ ವಿದ್ಯೆ ನನಗೆ ಕಾಲೇಜಿನಿಂದ ಬಂದದ್ದೆಂದು ಜನ ತಿಳಿದಿದ್ದಾರೆ. ಅದು ತಪ್ಪು. ಬಂದದ್ದು ಅಪ್ಪನಿಂದ. ಸವಣೂರಿನಲ್ಲಿ ಅಪ್ಪನದೊಂದು ಬಟ್ಟೆ ಅಂಗಡಿ. ಗಿರಾಕಿ ‘ಇದು ಕಂದು ಬಣ್ಣ’ ಎಂದರೆ, ಅಪ್ಪ ‘ಅಲ್ಲ, ಇದು ಇಟ್ಟಂಗಿ ಬಣ್ಣ’ ಎನ್ನುವನು. ಗಿರಾಕಿ ಹಟ ಹಿಡಿದರೆ ಅಂಗಡಿಯ ಹೊರಗೆ ನಿಂತ ಎತ್ತಿನ ಗಾಡಿಯಿಂದ ಹಿಡಿದು ಎದುರುಮನೆಯ ಗೋಡೆಯವರೆಗೆ ಸಾಕ್ಷಿಗಳನ್ನು ಕರೆಯುವನು. ವ್ಯಾಪಾರ ಕೈತಪ್ಪಿದರೂ ಚಿಂತೆಯಿಲ್ಲ, ವಾದ ಕೈತಪ್ಪಬಾರದು. ಬೇಸತ್ತ ಗಿರಾಕಿ ಬರಿಗೈಯಲ್ಲಿ ಇಳಿದುಹೋದ ಮೇಲೆ ಅಪ್ಪನ ಮುಖದಲ್ಲಿ ಇಡೀ ಥಾನು ಮಾರಿದ ತೃಪ್ತಿ.

ಮಧ್ಯಾಹ್ನ ಅಂಗಡಿಗೆ ಬಿಡುವು. ಊಟ ಮುಗಿಸಿ ನಾನೂ ಅಪ್ಪನೂ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುವ ಹೊತ್ತಿಗೆ ಅಪ್ಪನ ಗೆಳೆಯರಾದ ಎಲೆ ವ್ಯಾಪಾರದ ಮೆಹಬೂಬಸಾಬರು ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟಿನೊಂದಿಗೆ ಬರುವರು. ಸವಣೂರಿನ ಎಲೆಯ ಗುಣವನ್ನು ಇಲ್ಲಿ ವರ್ಣಿಸಲು ಹೊರಟರೆ ಪ್ರಬಂಧ ಹಾದಿ ತಪ್ಪುತ್ತದೆ. ನಮ್ಮ ಮನೆಯಲ್ಲಿ ಅದಕ್ಕೊಂದು ನ್ಯಾಯಾಂಗದ ಹುದ್ದೆ ಇತ್ತೆಂಬುದನ್ನಷ್ಟೇ ಹೇಳುತ್ತೇನೆ. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಅಪ್ಪನೂ ನಾನೂ ಏಕಕಾಲಕ್ಕೆ ಕೂಗಾಡುತ್ತಿದ್ದುದನ್ನು ತಾಳಲಾರದೆ ಮೆಹಬೂಬಸಾಬರು ಮಡಿಚಿದ ಎಲೆಯೊಂದನ್ನು ಅಪ್ಪನ ತೆರೆದ ಬಾಯಿಗೆ ತುರುಕಿ, “ಶೆಟ್ರ, ಹುಡುಗಿ ಮುಗಸ್ಲಿ, ಅಲ್ಲೀತನಕ ಇದನ್ನ ಅಗೀರಿ,” ಎಂದರು. ಅಂದಿನಿಂದ ಅದೇ ಕಾನೂನಾಯಿತು. ಮಾತಾಡುವವರ ಬಾಯಿ ಖಾಲಿ, ಕೇಳುವವರ ಬಾಯಲ್ಲಿ ಎಲೆ. ಮಾತಾಡಿದವರು ‘ಮುಗೀತು’ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಕೇಳಿದವರು ಎದ್ದುಹೋಗಿ ಉಗುಳಿ ಬಂದು ತಮ್ಮ ಪಾಳಿ ಶುರುಮಾಡಬೇಕು. ನಾನು ಅನುಭವಿಸಿದ ಎಷ್ಟೋ ಸ್ಪರ್ಧೆಗಳಲ್ಲಿ ಸಮಯ ಮುಗಿಯಿತೆಂದು ಬಾರಿಸುವ ಗಂಟೆಗಳಿಗಿಂತ ಈ ಎಲೆ ಹೆಚ್ಚು ನಿಷ್ಪಕ್ಷಪಾತಿಯಾಗಿತ್ತು. ಒಳಗಿನಿಂದ ಅವ್ವ, “ಎಲಿ ಕೋರ್ಟ್ ಕುಂತತಿ ನೋಡ್ರಿ,” ಎಂದು ಬಾಗಿಲು ಮುಂದೆ ಮಾಡಿಕೊಳ್ಳುವಳು. ಊರಿನ ಮಠದ ಅಂಗಳದ, ಆನೆಗಾತ್ರದ ಕಾಂಡದ ದೊಡ್ಡಹುಣಸೆ ಮರಗಳು ಪುರಾಣಕಾಲದವೆಂದು ಅಪ್ಪ, ಆಧಾರವೇನೆಂದು ನಾನು. ಕೊನೆಗೆ ಮೆಹಬೂಬಸಾಬರ ತೀರ್ಪು ಯಾವಾಗಲೂ ಒಂದೇ: “ಇಬ್ರೂ ಗೆದ್ರಿ. ನನ್ನ ಎಲಿ ಸೋತ್ವು.”

ಎರಡನೆಯ ಅಲೆ ನಮ್ಮ ಮನೆಗೆ ಬಂದದ್ದು ನನ್ನ ಮೂಲಕವೋ ಅಪ್ಪನ ಮೂಲಕವೋ ಎಂಬುದನ್ನು ಯಾವ ಎಲೆಯೂ ಇತ್ಯರ್ಥ ಮಾಡಲಾರದು. ಒಂದೇ ವಾರದಲ್ಲಿ ಇಬ್ಬರೂ ಮಲಗಿದೆವು. ನನ್ನದು ಎದೆಗೇರಿತು. ಹಾವೇರಿಯ ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಕೆಯ ತುದಿಯಲ್ಲಿ ಮಲಗಿ, ಜೀವಮಾನವಿಡೀ ಬಿಟ್ಟಿಯಾಗಿ ಬಳಸಿ ಒಮ್ಮೆಯೂ ಕೃತಜ್ಞತೆ ಹೇಳದ ವಸ್ತುವೊಂದರ ಮುಂದೆ ದೀನಳಾಗಿ ಕಳೆದ ಆ ದಿನಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಪ್ಪನದು ಸಣ್ಣ ಜ್ವರ. ಹಿತ್ತಲ ಕೋಣೆಯಲ್ಲಿ ಮಲಗಿದ್ದ, ಎದ್ದ, ಅಷ್ಟೇ. ಮನೆಯೊಂದರಲ್ಲಿ ಆತಂಕವೆಂಬುದು ಇರುವುದೊಂದೇ ಕಂಬಳಿಯ ಹಾಗೆ. ಯಾರು ಹೆಚ್ಚು ನಡುಗುತ್ತಾರೋ ಅವರ ಮೇಲೆ ಹೊದಿಸುತ್ತಾರೆ. ನಾನು ಹೆಚ್ಚು ನಡುಗಿದ್ದೆ.

ಮನೆಗೆ ಬಂದಮೇಲೆ ರೋಗ ತನ್ನ ಸಾಮಾನುಗಳಲ್ಲಿ ಕೆಲವನ್ನು ನನ್ನಲ್ಲೇ ಬಿಟ್ಟುಹೋಗಿರುವುದು ಒಂದೊಂದಾಗಿ ತಿಳಿಯಿತು. ಒಗ್ಗರಣೆಯ ವಾಸನೆ ಸುಟ್ಟ ಟಾಯರಿನದಾಗಿತ್ತು. ಬಸ್ಸಿಗೆ ಓಡುವುದು ಹೋಗಲಿ, ಬಸ್ಸು ಬಂತೆಂದು ಪಕ್ಕದವರಿಗೆ ಹೇಳುವಷ್ಟರಲ್ಲೇ ಏದುಸಿರು. ಇವೆಲ್ಲವನ್ನೂ ಸಹಿಸಬಹುದಿತ್ತು, ಸಹಿಸಲಾಗದ್ದು ಶಬ್ದಗಳ ವಲಸೆ. ಶಿಗ್ಗಾವಿಯ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಒಂದು ದಿನ ಪಾಠದ ನಡುವೆ ‘ಸಂವಿಧಾನ’ ಎಂಬ ಶಬ್ದವೇ ಸಿಗಲಿಲ್ಲ. ಗಾಳಿಯಲ್ಲಿ ಕೈಯನ್ನು ನೂಲು ಸುತ್ತುವಂತೆ ತಿರುಗಿಸುತ್ತ ನಿಂತೆ. ಮುಂದಿನ ಬೆಂಚಿನ ಹುಡುಗಿ ದಯೆಯಿಂದ ಅದನ್ನು ಎತ್ತಿಕೊಟ್ಟಳು. ರಾಜ್ಯಶಾಸ್ತ್ರದವಳು ಸಂವಿಧಾನವನ್ನೇ ಮರೆತರೆ ಅದು ವ್ಯಕ್ತಿಯ ರೋಗವೋ ಕಾಲದ ಲಕ್ಷಣವೋ ಎಂದು ನಗಿಸಿ ಪಾರಾದೆ. ಮನೆಗೆ ಬಂದು ಅತ್ತೆ.

ಹುಬ್ಬಳ್ಳಿಗೆ ಹೋಗಿ ತೋರಿಸಿದೆವು. ರಕ್ತ ಸರಿ, ಎದೆಯ ಚಿತ್ರ ಸರಿ. “ಎಲ್ಲಾ ನಾರ್ಮಲ್ ಅದಾವ್ರಿ,” ಎಂದ ವೈದ್ಯರು, ಇಂಥ ತೊಂದರೆ ಹೇಳಿಕೊಂಡು ಬರುವವರು ಬಹಳ ಜನ, ತಮಗೂ ಇನ್ನೂ ಪೂರ್ತಿ ತಿಳಿದಿಲ್ಲವೆಂದು ಪ್ರಾಮಾಣಿಕವಾಗಿಯೇ ಒಪ್ಪಿಕೊಂಡರು. ಆದರೆ ನನಗೆ ಬೇಕಾದದ್ದು ಪ್ರಾಮಾಣಿಕತೆಯಲ್ಲ, ಪುರಾವೆ. ಕೋವಿಡ್ಡಿನ ಕಾಲದಲ್ಲಿ ಓಣಿಯ ಕಷಾಯದವರು, ಹೊಗೆಯವರು, ತಾಯಿತದವರು ಎಲ್ಲರಿಗೂ ‘ಆಧಾರ ಏನ್ರಿ?’ ಎಂದು ಕೇಳಿ ಬಾಯಿ ಮುಚ್ಚಿಸಿದವಳು, ಈಗ ಯಾವ ಆಧಾರವೂ ಇಲ್ಲದ ರೋಗವೊಂದನ್ನು ಹೊತ್ತು ಅದೇ ಓಣಿಯಲ್ಲಿ ತಿರುಗಬೇಕಾಗಿತ್ತು. “ಮುಖದಾಗ ಕಳೀ ಐತಲ್ಲ ಮತ್ತ!” ಎಂದು ಅವರು ಹೇಳಿದರೆ ಏನು ಹೇಳಲಿ? ನನ್ನೆದುರು ನಾನೇ ನಿಂತು ವಾದಿಸಿದ್ದರೆ ನಾನು ಹೀನಾಯವಾಗಿ ಸೋಲುತ್ತಿದ್ದೆ.

ಹೊರಗೆ ಸೋತವರು ಮನೆಯಲ್ಲಿ ಮಾತಾಡುತ್ತಾರೆ. ಕಟ್ಟೆಯ ಮೇಲೆ ದಿನವೂ ನನ್ನದೊಂದೇ ವಿಷಯ: ಇವತ್ತು ಯಾವ ಶಬ್ದ ತಪ್ಪಿತು, ಎಲ್ಲಿ ಉಸಿರು ನಿಂತಿತು, ನಾರ್ಮಲ್ ಎಂದಮೇಲೆ ರೋಗವಿದೆಯೆನ್ನಲು ಆಧಾರವೇನು, ಆಧಾರವಿಲ್ಲದ್ದನ್ನು ನಂಬುವುದಾದರೆ ನನಗೂ ಜ್ಯೋತಿಷಿಗೂ ವ್ಯತ್ಯಾಸವೇನು. ಅಪ್ಪ ಎಲೆ ಅಗಿಯುತ್ತ ಕೇಳುತ್ತಿದ್ದ. ಹಿಂದೆಯಾದರೆ ನನ್ನ ನಾಲ್ಕನೆಯ ವಾಕ್ಯಕ್ಕೇ ಅವನ ಕಾಲು ಚಡಪಡಿಸುತ್ತಿತ್ತು. ಈಗ ಕೂತಲ್ಲೇ ಕೂತು ‘ಹೂಂ’ ಎನ್ನುತ್ತಿದ್ದ. ಮಾತಿನ ನಡುವೆ ನಾನು ನಿಂತರೂ ‘ಹೂಂ’, ವಿಷಯ ಬದಲಿಸಿದರೂ ‘ಹೂಂ’.

ಅಂಗಡಿಯಲ್ಲೂ ಅದೇ. ಗಿರಾಕಿ ಕಂದು ಎಂದರೆ ಕಂದು, ಕೆಂಪು ಎಂದರೆ ಕೆಂಪು. ವ್ಯಾಪಾರ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ನಡೆಯತೊಡಗಿತು. “ಕೊರೋನಾ ಎಲ್ಲಾರಿಗೂ ಬುದ್ಧಿ ಕಲಿಸ್ತು, ನಿಮ್ಮಪ್ಪಗ ವ್ಯಾಪಾರ ಕಲಿಸ್ತು,” ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ವ್ಯಾಖ್ಯಾನ ಬೇರೆಯಿತ್ತು, ಮತ್ತು ಅದು ನನ್ನ ಎಲ್ಲ ವ್ಯಾಖ್ಯಾನಗಳಂತೆ ಅತ್ಯಂತ ತರ್ಕಬದ್ಧವಾಗಿತ್ತು: ಮಗಳು ಸಾವಿನ ಬಾಗಿಲಿನಿಂದ ಮರಳಿದಳು, ಅಪ್ಪನ ಮನಸ್ಸು ಮೆತ್ತಗಾಯಿತು, ಈಗ ಕರುಣೆಯಿಂದ ಗೆಲ್ಲಿಸುತ್ತಿದ್ದಾನೆ. ಕರುಣೆಯಿಂದ ಸಿಕ್ಕ ಗೆಲುವಿನಷ್ಟು ಅವಮಾನಕರವಾದದ್ದು ವಾದಿಗೆ ಬೇರೆಯಿಲ್ಲ. ಉಸಿರು ಹೋದದ್ದಕ್ಕಿಂತ ಎದುರಾಳಿ ಹೋದದ್ದೇ ನನಗೆ ಹೆಚ್ಚಿನ ನಷ್ಟವಾಗಿ ಕಂಡಿತು.

ಅವನನ್ನು ಕೆರಳಿಸಲು ಏನೆಲ್ಲ ಮಾಡಿದೆ! “ದೊಡ್ಡಹುಣಸಿ ಮರ ಏನ ಅಷ್ಟ ಹಳೇವು ಅಲ್ಲಪ್ಪಾ, ಮೊನ್ನೆ ಮೊನ್ನೆ ಹಚ್ಚಿದ್ದು ಇರಬೇಕು,” ಎಂದೆ. “ಇರಬಹುದು,” ಎಂದ. ಕೊನೆಗೊಂದು ಮಧ್ಯಾಹ್ನ ಯಾವ ಸವಣೂರಿಗನೂ ಸಹಿಸದ ಮಾತಾಡಿದೆ: “ನಮ್ಮ ಸವಣೂರ ಖಾರಾಕ್ಕಿಂತ ಅಂಗಡ್ಯಾಗ ಸಿಗೋ ಪ್ಯಾಕೆಟ್ ಖಾರಾನ ಚಲೋ.” ಊರಿನ ಹೆಸರನ್ನು ದೂರದೂರಿಗೆ ಒಯ್ದ ತಿಂಡಿ ಅದು; ಅದರ ಮಾನಕ್ಕಾಗಿ ಅಪ್ಪ ಹಿಂದೊಮ್ಮೆ ಮದುವೆಯ ಪಂಕ್ತಿಯಲ್ಲಿ ನೆಂಟರೊಡನೆ ಜಗಳವಾಡಿದ್ದ. ಈಗ ಅಗಿಯುತ್ತ, “ಹೂಂ,” ಎಂದ. ಮೆಹಬೂಬಸಾಬರು ಕಟ್ಟೆಯಿಂದ ಇಳಿದೇಬಿಟ್ಟರು. “ಏನ್ ಶೆಟ್ರ! ಖಾರಾದ ಮಾತಿಗೂ ಹೂಂ ಅಂತೀರಿ? ಹುಡುಗಿಗೆ ಮೂಗು ಹೋಗೇತಿ, ನಿಮಗೇನ ಹೋಗೇತಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಅದನ್ನು ಹಾಸ್ಯವೆಂದು ತಿಳಿದು ನಕ್ಕೆ.

ಲಗ್ನಗಳ ದಿನಗಳಲ್ಲಿ ಅಂಗಡಿಯಲ್ಲಿ ಗದ್ದಲ. ಈ ಸಲ ಕಾಲೇಜಿಗೆ ರಜೆಯಿದ್ದುದರಿಂದ ಸೀರೆ ಮಡಿಚಿಡಲು ನಾನೂ ಹೋಗಿ ಕೂತಿದ್ದೆ. ಹತ್ತಿಮತ್ತೂರಿನ ಹೆಣ್ಣುಮಗಳೊಬ್ಬಳು ಮಗಳ ಮದುವೆಗೆ ಗಿಳಿ ಹಸಿರಿನ ಸೀರೆ ಕೇಳಿದಳು. ಅಪ್ಪ ಹಾಸಿದ. ಅವಳು ತುದಿ ಹಿಡಿದು ಬೆಳಕಿಗೊಡ್ಡಿ, “ಇದು ಗಿಣಿ ಬಣ್ಣ ಅಲ್ರಿ ಶೆಟ್ರ, ಪಾಚಿ ಬಣ್ಣ,” ಎಂದಳು. ಅಪ್ಪನ ಬೆನ್ನು ನೆಟ್ಟಗಾಯಿತು. ಎದೆ ಉಬ್ಬಿತು. ನನ್ನ ಕೈಯಲ್ಲಿದ್ದ ಮಡಿಕೆ ಹಾಗೇ ನಿಂತಿತು: ಬಂದ, ನನ್ನ ಅಪ್ಪ ಮರಳಿ ಬಂದ! “ಅಲ್ಲವ್ವಾ, ಇದು...” ಎಂದ ಅಪ್ಪ. ಬಾಯಿ ತೆರೆದೇ ಇತ್ತು. ಮಾತು ಬರಲಿಲ್ಲ. ಬಲಗೈ ಮೇಲೆದ್ದು ಗಾಳಿಯಲ್ಲಿ ನೂಲು ಸುತ್ತುವಂತೆ ತಿರುಗತೊಡಗಿತು.

ಆ ಕೈಯನ್ನು ನಾನು ಬಲ್ಲೆ. ಅದು ನನ್ನ ಕೈ.

ತಿರುಗಿ ತಿರುಗಿ ಆ ಕೈ ಕೆಳಗಿಳಿಯಿತು, ಹಣದ ಗಲ್ಲೆಯ ಪಕ್ಕದ ತಟ್ಟೆಯಿಂದ ಎಲೆಯೊಂದನ್ನು ಎತ್ತಿ ಬಾಯಿಗಿಟ್ಟಿತು. “ಹೂಂ,” ಎಂದ ಅಪ್ಪ. ಹೆಣ್ಣುಮಗಳು ಗೆದ್ದ ಸಂತೋಷದಲ್ಲಿ ಸೀರೆಯನ್ನು ಕೊಂಡೇ ಹೋದಳು.

ಅವಳು ಮೆಟ್ಟಿಲಿಳಿದ ಮೇಲೆ, “ಅಪ್ಪಾ, ಇದು ಯಾವಾಗಿಂದ?” ಎಂದೆ. ಅವನು ಎದ್ದುಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕೂತ.

“ನಿನ್ನ ಜೋಡೀನ,” ಎಂದ. “ಶಬ್ದ ಬಾಯೀತನಕ ಬರ್ತಾವು. ಹೊಸ್ತಿಲಾ ದಾಟಂಗಿಲ್ಲ. ಎಲಿ ಇದ್ರ ಯಾರೂ ಕೇಳಂಗಿಲ್ಲ ನೋಡು, ಬಾಯಾಗ ಎಲಿ ಐತಿ ಅಂತಾರ.”

“ಮತ್ತ ನನಗರ ಹೇಳಾಕ ಏನಾಗಿತ್ತು?”

“ಹೆಂಗ ಹೇಳ್ಲಿ?” ಎಂದು ಅಪ್ಪ ನಕ್ಕ. “ನೀ ಇನ್ನೂ ‘ಮುಗೀತು’ ಅಂದೇ ಇಲ್ಲಲ್ಲ.”

ತಮಾಷೆಗೇ ಹೇಳಿದ. ತಮಾಷೆಗೇ ಹೇಳಿದನೆಂದು ನಂಬಲು ನನಗೆ ಈಗಲೂ ಆಸೆ. ಆದರೆ ಸಹೃದಯರೇ, ಸ್ಪರ್ಧೆಗಳಲ್ಲಿ ನಮಗೆ ಮೊದಲು ಕಲಿಸುವುದೇ ಎದುರಾಳಿಯ ಮೌನವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದನ್ನು. ಮೌನ ಸಮ್ಮತಿಯ ಲಕ್ಷಣವೆಂದು ಹಿರಿಯರೂ ಹೇಳಿಟ್ಟಿದ್ದಾರೆ. ಅದು ಕಾಯಿಲೆಯ ಲಕ್ಷಣವೂ ಆಗಿರಬಹುದೆಂದು ಯಾರೂ ಹೇಳಲಿಲ್ಲ. ಅಪ್ಪ ಬದಲಾದದ್ದು ನನಗೆ ಕಂಡಿತ್ತು. ಆ ಬದಲಾವಣೆ ನನ್ನ ಕುರಿತಾದದ್ದಲ್ಲದೆ ಇನ್ನೇನಾಗಿರಲು ಸಾಧ್ಯ ಎಂಬ ಒಂದು ಸಣ್ಣ ಪ್ರಶ್ನೆ ಮಾತ್ರ ಹೊಳೆದಿರಲಿಲ್ಲ. ಹಿತ್ತಲ ಕೋಣೆಯಲ್ಲಿ ಸಣ್ಣ ಜ್ವರವೆಂದು ಮಲಗಿದ್ದವನ ಕಡೆ ಆ ಒಂದೇ ಕಂಬಳಿಯ ಅಂಚನ್ನಾದರೂ ಎಳೆದಿದ್ದರೆ ಆಗುತ್ತಿತ್ತು. ಕಳೆದ ಮಧ್ಯಾಹ್ನಗಳೆಲ್ಲ ಕಳೆದವು. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ರೋಗಿಗಳಲ್ಲಿ ಒಬ್ಬಳು ತನ್ನ ಒಂಟಿತನವನ್ನು ವಿವರಿಸುತ್ತಿದ್ದಳು, ಇನ್ನೊಬ್ಬ ಅಗಿಯುತ್ತಿದ್ದ.

ಮರುದಿನವೇ ಹುಬ್ಬಳ್ಳಿಗೆ ಹೋಗಿ ತೋರಿಸೋಣ ಎಂದೆ. ಅಪ್ಪ ಒಪ್ಪಲಿಲ್ಲ. ಒಪ್ಪಲಿಲ್ಲವೆಂದರೆ ಸುಮ್ಮನೆ ಒಪ್ಪದೆ ಇದ್ದದ್ದಲ್ಲ, ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬಿಕೊಂಡು, ಒಂದು ಶಬ್ದವೂ ತಪ್ಪದಂತೆ ವಾದಿಸಿದ: “ರಕ್ತ ನಾರ್ಮಲ್ ಬರ್ತತಿ. ಎದಿ ಫೋಟೋ ನಾರ್ಮಲ್ ಬರ್ತತಿ. ನಾರ್ಮಲ್ ಅಂದಮ್ಯಾಲ ರೋಗ ಐತಿ ಅನ್ನಾಕ ಆಧಾರ ಏನು? ಆಧಾರ ಇಲ್ಲದ್ದನ್ನ ನಂಬೂದಾದ್ರ ನನಗೂ ಜ್ಯೋತಿಷಿಗೂ ಏನ ಫರಕು?” ಅವೆಲ್ಲ ನನ್ನ ವಾಕ್ಯಗಳು. ಅದೇ ಕ್ರಮ, ಅದೇ ಏರಿಳಿತ. ತನ್ನ ಶಬ್ದಗಳು ಕೈಕೊಟ್ಟ ಅಷ್ಟೂ ಕಾಲ ನನ್ನವನ್ನು ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿಬಿಟ್ಟಿದ್ದವು. ನಾನು ಹಂಬಲಿಸಿದ್ದ ಸೋಲು ಬಂದಿತ್ತು, ಸೋಲಬಾರದ ಒಂದೇ ಒಂದು ವಿಷಯದಲ್ಲಿ.

“ಅಲ್ಲ, ಯಾಕಂದ್ರ...” ಎಂದು ಎದ್ದುನಿಂತೆ. ಉಸಿರು ಅಲ್ಲಿಗೇ ಮುಗಿಯಿತು. ಕಾರಣಗಳು ತಲೆಯಲ್ಲಿದ್ದವು, ಎದೆಯಲ್ಲಿ ಗಾಳಿಯಿರಲಿಲ್ಲ. ಗೋಡೆ ಹಿಡಿದು ನಿಂತಾಗ ಹೊರಬಂದದ್ದು ಯಾವ ತೀರ್ಪುಗಾರನೂ ಅಂಕ ಕೊಡದ ಮಾತು: “ನನಗ ಅಂಜಿಕಿ ಬರ್ತತಿ ಅಪ್ಪಾ.”

ಅಪ್ಪ ನನ್ನನ್ನು ನೋಡಿದ. “ಇಷ್ಟ ಅಂದಿದ್ರ ಆಗ್ತಿತ್ತು,” ಎಂದ. “ಆಧಾರ ಆಧಾರ ಅಂತ ಸುಮ್ನ ದಣದ್ವಿ ಇಬ್ರೂ. ಬಸ್ಸು ಎಷ್ಟಕ್ಕ?”

ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅಪ್ಪ, ಈಚೆ ನಾನು. ವೈದ್ಯರ ಮುಂದೆ ಅವನ ಕಷ್ಟವನ್ನು ಯಾವ ಕ್ರಮದಲ್ಲಿ ಹೇಳಬೇಕೆಂದು ತಲೆತಗ್ಗಿಸಿ ಜೋಡಿಸಿಕೊಳ್ಳುತ್ತಿದ್ದೆ, ಅಭ್ಯಾಸಬಲ. ಬಂಕಾಪುರ ದಾಟಿದ ಮೇಲೆ ಅಪ್ಪ ತಟ್ಟನೆ ಗಾಜಿಗೆ ಬೆರಳು ಒತ್ತಿದ್ದು, ಬಾಯಿ ತೆರೆದದ್ದು, ಬೆರಳು ಹಿಂದಕ್ಕೆ ಹಿಂದಕ್ಕೆ ಸರಿದು ಕೆಳಗಿಳಿದದ್ದು ಕಣ್ಣಂಚಿನಲ್ಲಿ ಕಂಡಿತು. ಕೇಳಲು ಹೋಗಲಿಲ್ಲ. ಶಬ್ದ ಹುಡುಕುತ್ತಿರುವವರಿಗೆ ‘ಏನು, ಏನು’ ಎಂದರೆ ಇರುವುದೂ ಓಡಿಹೋಗುತ್ತದೆಂದು ನನಗೆ ಗೊತ್ತು. ಶಿಗ್ಗಾವಿ ಬಂತು, ಶೇಂಗಾ ಮಾರುವವರು ಹತ್ತಿದರು, ಇಳಿದರು. ಬಸ್ಸು ಮತ್ತೆ ಹೊರಟಿತು. ಅಪ್ಪನ ಹಣೆಯಲ್ಲಿ ಗೆರೆಗಳು ಹಾಗೇ ಇದ್ದವು.

ತಡಸದ ಹತ್ತಿರ, “ನವಲ!” ಎಂದು ಅಪ್ಪ ಕೂಗಿದ.

ಮುಂದಿನ ಸೀಟಿನವರು ತಿರುಗಿದರು. ನಾನೂ ಕಿಟಕಿಯತ್ತ ಬಾಗಿದೆ. ಹೊರಗೆ ಒಂದು ಪೆಟ್ರೋಲ್ ಬಂಕು, ಸಾಲಾಗಿ ನಿಂತ ಲಾರಿಗಳು.

“ಎಲ್ಲಿ?”

“ಇಲ್ಲಲ್ಲ, ಹಿಂದ. ಬಂಕಾಪುರ ದಾಟಿದ ಮ್ಯಾಲ. ಬದುವಿನ ಮ್ಯಾಲ ನಿಂತಿತ್ತು, ಪುಚ್ಚ ಇಳಿಬಿಟ್ಟು.” ಒಂದು ಶಬ್ದವನ್ನು ಅಷ್ಟು ದೂರದಿಂದ ನಡೆಸಿಕೊಂಡು ಬಂದ ಆಯಾಸ ಅವನ ದನಿಯಲ್ಲಿತ್ತು. “ಇತ್ತೋ ಇಲ್ಲೋ?”

ನಾನು ನೋಡಿರಲಿಲ್ಲ. ಸಾಕ್ಷಿ ಇಲ್ಲ, ಸ್ಥಳ ಹಿಂದೆ ಹೋಗಿದೆ, ಹೇಳುವವನಿಗೆ ಶಬ್ದಗಳೇ ನೆಟ್ಟಗಿಲ್ಲ. ಹಿರೇಕೆರೂರಿನ ವೇದಿಕೆಯಾಗಿದ್ದರೆ ಆ ನವಿಲನ್ನು ಅರೆಗಳಿಗೆಯಲ್ಲಿ ಹಾರಿಸಿಬಿಡುತ್ತಿದ್ದೆ.

“ಇತ್ತಪ್ಪಾ,” ಎಂದೆ.

ಅಪ್ಪ ನನ್ನತ್ತ ಪೂರ್ತಿ ತಿರುಗಿ ಕೂತ. “ಸುಳ್ಳ ಹೇಳಬ್ಯಾಡ. ನೀ ಈ ಕಡೆ ನೋಡೇ ಇಲ್ಲ.”

ಎದೆಯಲ್ಲಿ ಇದ್ದಷ್ಟು ಉಸಿರನ್ನೆಲ್ಲ ಒಟ್ಟುಮಾಡಿಕೊಂಡೆ.

“ನೋಡಿಲ್ಲ,” ಎಂದೆ. “ಆದ್ರೂ ಇತ್ತು.”